ಅಮ್ಮನ ಲಿವರ್‌ನಲ್ಲಿ ಲೀಷನ್ ಇದೆ ಅಂತ ರಿಪೋರ್ಟ್ ಬಂದಿದೆ, ಕ್ಯಾನ್ಸರ್ ಇರಬಹುದಾ?

ನಿಮ್ಮ ಅಮ್ಮನಿಗೆ 52 ವರ್ಷ, ಪಿತ್ತಕೋಶದ ಕಲ್ಲಿಗೆ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನಲ್ಲಿ 1.8 ಸೆಂ.ಮೀ. ‘ಹೈಪರ್‌ಎಕೋಯಿಕ್ ಲೀಷನ್’ ಕಂಡಿದೆ ಎಂದು ಬರೆದಿದ್ದೀರಿ. ನಾನು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ಚಿತ್ರ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್. ಹೀಗೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡುವಾಗ ಸಿಗುವ ಸಣ್ಣ ಲೀಷನ್‌ಗಳು ಹೆಚ್ಚಿನವರಲ್ಲಿ ಕ್ಯಾನ್ಸರ್ ಆಗಿರುವುದಿಲ್ಲ.

ಸುತ್ತಲಿನ ಲಿವರ್‌ಗಿಂತ ಬೇರೆ ಥರ, ಬೆಳ್ಳಗೆ ಕಾಣುವ ಒಂದು ಜಾಗ ಇದೆ ಅಂತಷ್ಟೇ ಆ ರಿಪೋರ್ಟ್ ಹೇಳುತ್ತಿದೆ. ಅಂಚು ಸ್ಪಷ್ಟವಾಗಿದ್ದರೆ ಅದು ಬಹುಶಃ ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗಂಟು. ಲಿವರ್‌ನ ನಿರಪಾಯದ ಗಡ್ಡೆಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಇದು ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ.

ಆದರೆ ಚಿತ್ರ ನೋಡಿ ಮಾತ್ರ ಹೇಳಲಾಗದು. ಅದು ಯಾರ ಲಿವರ್ ಅನ್ನುವುದೂ ಅಷ್ಟೇ ಮುಖ್ಯ. ಅಮ್ಮನಿಗೆ ಹೆಪಟೈಟಿಸ್ ಬಿ ಅಥವಾ ಸಿ ಇದೆಯಾ? ಸಿರೋಸಿಸ್, ಅಂದರೆ ಲಿವರ್ ಗಾಯವಾಗಿ ಗಟ್ಟಿಯಾಗುವ ಕಾಯಿಲೆ ಇದೆಯಾ? ಹಿಂದೆ ಸ್ತನದ್ದೋ ಕರುಳಿನದ್ದೋ ಕ್ಯಾನ್ಸರ್ ಆಗಿತ್ತಾ? ಸುಮ್ನೆ ತೂಕ ಇಳಿಯುತ್ತಿದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂತಾದರೂ ಅದೇ ಬಿಳಿ ಮಚ್ಚೆಯನ್ನು ನಾವು ಹೆಮಾಂಜಿಯೋಮಾ ಅಂತ ಬಿಟ್ಟುಬಿಡುವುದಿಲ್ಲ. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಸ್ಕ್ಯಾನಿಂಗ್‌ಗೆ ಬರೆದುಕೊಡುವ ಚೀಟಿಯಲ್ಲಿ ಎಷ್ಟೋ ಸಲ ಇದ್ಯಾವುದೂ ಇರುವುದಿಲ್ಲ.

ಅನುಮಾನ ಉಳಿದರೆ ಟ್ರೈಫೇಸಿಕ್ ಸಿಟಿ ಅಥವಾ ಕಾಂಟ್ರಾಸ್ಟ್ ಎಂಆರ್‌ಐ ಹೇಳುತ್ತಾರೆ. ಕೈಯ ರಕ್ತನಾಳಕ್ಕೆ ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುವ ಕಾಂಟ್ರಾಸ್ಟ್ ಔಷಧಿಯ ಇಂಜೆಕ್ಷನ್ ಕೊಟ್ಟು, ಅದು ಲಿವರ್‌ಗೆ ಬರುವಾಗ, ತುಂಬಿದಾಗ, ಹೊರಡುವಾಗ ಹೀಗೆ ಬೇರೆ ಬೇರೆ ಹೊತ್ತಿನ ಚಿತ್ರ ತೆಗೆಯುತ್ತಾರೆ. ಲಿವರ್‌ಗೆ ಸುಮಾರು 75 ಶೇಕಡಾ ರಕ್ತ ಬರುವುದು ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ವೇನ್‌ನಿಂದ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗೆ ಮಾತ್ರ ಹೆಚ್ಚಾಗಿ ಆರ್ಟರಿಯಿಂದ, ಅಂದರೆ ಹೃದಯದ ಕಡೆಯಿಂದ ರಕ್ತ ತರುವ ನಾಳದಿಂದ. ಹಾಗಾಗಿ ಅದು ಸಾಮಾನ್ಯವಾಗಿ ಮೊದಲ ಚಿತ್ರಗಳಲ್ಲೇ ಬೆಳ್ಳಗಾಗಿ, ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಹೆಮಾಂಜಿಯೋಮಾ ಹಾಗಲ್ಲ. ಔಷಧಿ ಅಂಚಿನಲ್ಲಿ ತುಣುಕು ತುಣುಕಾಗಿ ಕಾಣಿಸಿಕೊಂಡು, ನಿಧಾನಕ್ಕೆ ಒಳಗೆ ತುಂಬುತ್ತದೆ. ಈ ನಡೆ ಸ್ಪಷ್ಟವಾಗಿ ಕಂಡರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದು, ಬೇಕಾಗುವುದಿಲ್ಲ. ‘ಸೂಜಿ ಹಾಕಿ ನೋಡಿಬಿಡೋಣ’ ಅಂತ ನೀವಾಗಿ ಅವಸರ ಮಾಡಬೇಡಿ, ಹೆಮಾಂಜಿಯೋಮಾಗೆ ಚುಚ್ಚಿದರೆ ರಕ್ತಸ್ರಾವದ ಅಪಾಯ ಇದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಅಮ್ಮನ ಹಳೆಯ ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್‌ಗಳನ್ನು ಹುಡುಕಿ. ಕೆಲವು ವರ್ಷದ ಹಿಂದೆಯೂ ಅದೇ ಜಾಗದಲ್ಲಿ ಅಷ್ಟೇ ಗಾತ್ರದ ಮಚ್ಚೆ ಇದ್ದಿದ್ದರೆ ಅದು ತುಂಬಾ ಒಳ್ಳೆಯ ಸುದ್ದಿ. ಗ್ಯಾಸ್ಟ್ರೋಎಂಟರಾಲಜಿಸ್ಟ್ (ಹೊಟ್ಟೆ, ಲಿವರ್ ಡಾಕ್ಟರ್) ಹತ್ತಿರ ಹೋಗುವಾಗ ರಿಪೋರ್ಟ್ ಜೊತೆ ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ. ಕಲ್ಲಿಗೆ ಆಪರೇಷನ್ ಆಗುವುದಿದ್ದರೆ ಆ ಸರ್ಜನ್‌ಗೂ ತೋರಿಸಿ.