ಊರಲ್ಲಿರುವ ಅಪ್ಪನಿಗೆ ಟಿಬಿ, ನಾನು ಬೆಂಗಳೂರಲ್ಲಿ. ಮಾತ್ರೆ ಮರೆಯುತ್ತಾರೆ ಅನ್ನಿಸುತ್ತೆ, ಈಚೆಗೆ ಊಟ ಸೇರಲ್ಲ ಅಂತಾರೆ. ಮಾತ್ರೆ ನೆನಪಿಸಲು ಯಾವ ಆ್ಯಪ್ ಹಾಕಿಕೊಡಲಿ?

2019ರಲ್ಲಿ ನಿಮ್ಮ ಹಾಗೆ ನಾನೂ ಬೆಂಗಳೂರಲ್ಲೇ ಇದ್ದೆ. ಟಿಬಿ ಆಗಿದ್ದು ಅಮ್ಮನಿಗೆ, ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ.

ಅಮ್ಮನ ತೂಕ 41 ಕೆಜಿ, ಆ ಲೆಕ್ಕಕ್ಕೆ ದಿನಕ್ಕೆ ಮೂರು ಮಾತ್ರೆ. ಮಾತ್ರೆ ಶೀಟಿಗೆ ಒಂದು ರಟ್ಟಿನ ಹೊದಿಕೆ ಇರುತ್ತಿತ್ತು. ಮಾತ್ರೆ ಒತ್ತಿ ತೆಗೆದರೆ ಹಿಂದೆ ಒಂದು ಫೋನ್ ನಂಬರ್ ಕಾಣುತ್ತಿತ್ತು. ಅದಕ್ಕೆ ಫೋನ್ ಮಾಡಿದರೆ ದುಡ್ಡು ಹೋಗುತ್ತಿರಲಿಲ್ಲ, ಆ ದಿನದ ಲೆಕ್ಕ ಆಸ್ಪತ್ರೆಯವರಿಗೆ ಸೇರುತ್ತಿತ್ತು. 99ಡಾಟ್ಸ್ ಅಂತ ಹೆಸರು, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಬೆಳೆದದ್ದು. ಯಾವ ದಿನ ಯಾವ ನಂಬರ್ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ನನಗೆ ಬಹಳ ಹಿಡಿಸಿತ್ತು.

ತಪ್ಪು ಮಾಡಿದ್ದು ನಾನು, ಹೆಸರು ಬರೆಸಿದ ದಿನವೇ. ಫೋನ್ ನಂಬರ್ ಕೇಳಿದರು, ನನ್ನದು ಕೊಟ್ಟೆ. ಅಮ್ಮನ ಹತ್ತಿರ ಕೀಪ್ಯಾಡ್ ಫೋನ್ ಇತ್ತು. ಅವಳಿಗೆ ಮೆಸೇಜ್ ಓದಲು ಬರುವುದಿಲ್ಲ, ಚಾರ್ಜ್ ಹಾಕಲು ಮರೆಯುತ್ತಾಳೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಆದರೆ ಬರೆಸಿದ ಫೋನಿನಿಂದ ಹೋದ ಕರೆ ಮಾತ್ರ ಲೆಕ್ಕಕ್ಕೆ ಸಿಗುತ್ತಿತ್ತು. ಹಾಗಾಗಿ ದಿನಾ ಬೆಳಗ್ಗೆ ಎಂಟಕ್ಕೆ ಅಮ್ಮ ನನಗೆ ಫೋನ್ ಮಾಡಿ ನಂಬರ್ ಓದಿ ಹೇಳುವುದು, ನಾನು ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಲ್ಲಿ ನಿಂತುಕೊಂಡೇ ಆ ನಂಬರಿಗೆ ಒತ್ತುವುದು. ನೆನಪಿಸುವ ಮೆಸೇಜೂ ನನಗೇ ಬರುತ್ತಿತ್ತು. ಆಸ್ಪತ್ರೆಯವರು ವಿಚಾರಿಸಿದರೆ ಆ ಫೋನೂ ನನಗೇ. "ಒಂದು ದಿನವೂ ತಪ್ಪಿಸಿಲ್ಲ ಸಾರ್" ಅಂತ ಹೇಳುತ್ತಿದ್ದೆ, ನುಂಗುತ್ತಿರುವವನು ನಾನೇ ಅನ್ನೋ ಹಾಗೆ. ಅಮ್ಮನನ್ನು ನೇರವಾಗಿ ಹೇಗಿದ್ದೀರಿ ಅಂತ ಕೇಳುವವರು ಒಬ್ಬರೂ ಇರಲಿಲ್ಲ. ನಾನು ಕೇಳುತ್ತಿದ್ದದ್ದು "ನಂಬರ್ ಹೇಳಮ್ಮ, ಬೇಗ" ಅಷ್ಟೇ.

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ನಾಗಂದಿಗೆ ಮೇಲಿಂದ ಅರಿಶಿನದ ಡಬ್ಬಿ ತೆಗೆಯುವಾಗ ಪಕ್ಕದ ಹಳೇ ಬೋರ್ನ್‌ವಿಟಾ ಡಬ್ಬಿ ಗಲಗಲ ಅಂದಿತು. ಒಳಗೆ ಕಂದುಗೆಂಪು ಮಾತ್ರೆಗಳು, ಕೆಲವು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಎಣಿಸಿದೆ. 39. ಹದಿಮೂರು ದಿನದ್ದು.

"ತಿಂದ್ರೆ ವಾಂತಿ ಬರೋದು ಕಣಪ್ಪ. ನಂಬರ್ ಹೇಳ್ಲಿಲ್ಲ ಅಂದ್ರೆ ನೀನು ಅಲ್ಲಿ ಯೋಚ್ನೆ ಮಾಡ್ತಿಯಲ್ಲ" ಅಂದಳು.

ಡಾಕ್ಟರು ಬೈಯಲಿಲ್ಲ. ಮೊದಲು ಕೇಳಿದ್ದು, "ಒಂದಕ್ಕೆ ಹೋದಾಗ ಕೆಂಪಗೆ ಹೋಗುತ್ತಾ ಅಮ್ಮ?" ಆ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧ ಹೊಟ್ಟೆಗೆ ಹೋದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಂತೆ. ಇಷ್ಟು ದಿನದ ಫೋನಿನಲ್ಲಿ ನಾನು ಇದನ್ನು ಒಂದು ಸಲವೂ ಕೇಳಿರಲಿಲ್ಲ. ಲಿವರ್ ಪರೀಕ್ಷೆ ಮಾಡಿಸಿದರು, ವಾಂತಿಗೆ ಮಾತ್ರೆ ಕೊಟ್ಟರು, ನುಂಗುವ ಹೊತ್ತು ಬದಲಿಸಿದರು. ಕಫದ ಪರೀಕ್ಷೆಯಲ್ಲಿ, ಔಷಧಕ್ಕೆ ಬಗ್ಗದ ಟಿಬಿ ಆಗಿಲ್ಲ ಅಂತ ಬಂದಾಗ ಆಸ್ಪತ್ರೆಯ ಜಗಲಿ ಮೇಲೆ ಕೂತು ಅತ್ತುಬಿಟ್ಟೆ. ಆರು ತಿಂಗಳಲ್ಲಿ ಮುಗಿಯಬೇಕಿದ್ದದ್ದು ಎಳೆದುಕೊಂಡು ಹೋಯಿತು, ಆದರೆ ವಾಸಿಯಾಯಿತು.

ಅದಕ್ಕೇ ಹೇಳುತ್ತೇನೆ, ಆ್ಯಪ್ ಹುಡುಕಬೇಡಿ. ಅಪ್ಪ ಮರೆಯುತ್ತಾರೆ ಅಂತ ನಿಮ್ಮ ಲೆಕ್ಕ. "ಈಚೆಗೆ ಊಟ ಸೇರಲ್ಲ ಅಂತಾರೆ" ಅಂತಲೂ ನೀವೇ ಬರೆದಿದ್ದೀರಿ. ಅದು ಮರೆವಲ್ಲ. ಅಲಾರಂ ಹೊಡೆದರೆ ಹೊಟ್ಟೆ ತೊಳೆಸುವುದು ನಿಲ್ಲುತ್ತದೆಯೇ? ಆಸ್ಪತ್ರೆಯಲ್ಲಿ ಅಪ್ಪನ ಫೋನ್ ನಂಬರನ್ನೇ ಬರೆಸಿ, ಎಷ್ಟು ಹಳೇ ಫೋನಾದರೂ ಸರಿ. ಅಕ್ಕಪಕ್ಕದಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ದಿನಾ ವಿಡಿಯೋ ಕಾಲ್ ಮಾಡಿ, ಎದುರಿಗೇ ನುಂಗಲಿ. ನುಂಗಿದ ಮೇಲೆ ಫೋನ್ ಇಡಬೇಡಿ, ಹತ್ತು ನಿಮಿಷ ಮಳೆ ಬೆಳೆ ಮಾತಾಡಿ. ಆಶಾ ಕಾರ್ಯಕರ್ತೆಗೆ ನೀವೇ ಫೋನ್ ಮಾಡಿ ಪರಿಚಯ ಮಾಡಿಕೊಳ್ಳಿ. ಟಿಬಿ ಇರುವವರ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ದುಡ್ಡು (ನಮ್ಮ ಕಾಲಕ್ಕೆ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000) ಅಪ್ಪನ ಖಾತೆಗೆ ಬರುತ್ತಿದೆಯಾ ನೋಡಿ. ಅದು ಮೊಟ್ಟೆ, ಬೇಳೆಗೆ ಹೋಗಲಿ.

ಇವತ್ತು ರಾತ್ರಿಯೇ ಫೋನ್ ಮಾಡಿ ವಾಂತಿ ಆಗುತ್ತಾ ಕೇಳಿ, ಮೂತ್ರದ ಬಣ್ಣ ಕೇಳಿ. ಕಣ್ಣು ಹಳದಿ ಆಗಿದ್ದರೆ ನಾಳೆ ಬೆಳಗ್ಗೆಯೇ ಡಾಕ್ಟರ ಹತ್ತಿರ ಕಳಿಸಿ. ಕೇಳಲು ಸಂಕೋಚ ಆದರೆ ಊರಲ್ಲಿರುವ ಚಿಕ್ಕಪ್ಪನೋ ಮಾವನೋ, ಯಾರ ಕೈಲಾದರೂ ಕೇಳಿಸಿ.