ಚಂದ್ರನಲ್ಲಿ ಗುಂಡಿ ಮೊದಲೋ, ಲಾವಾ ಮೊದಲೋ?

ಪ್ರಶ್ನೆ: ಚಂದ್ರನಲ್ಲಿ ಮೊಲದಂತೆ ಕಾಣುವ ಕಪ್ಪು ಭಾಗಗಳು ಲಾವಾ ಹೆಪ್ಪುಗಟ್ಟಿದ ಬಯಲುಗಳಂತೆ. ಆಕಾಶಕಾಯ ಬಂದು ಬಡಿದ ಬಿಸಿಗೆ ಕಲ್ಲು ಕರಗಿ ಆ ಲಾವಾ ಉಂಟಾಯಿತೇ? ಹುಣ್ಣಿಮೆಯಂದು ಬೈನಾಕ್ಯುಲರ್ ಹಿಡಿದು ನೋಡಿದರೂ ಕುಳಿಗಳು ಸರಿಯಾಗಿ ಕಾಣಲಿಲ್ಲ. ಏಕೆ?

ಉತ್ತರ: ಬಡಿದ ಬಿಸಿಗೆ ಕಲ್ಲು ಕರಗುವುದು ನಿಜ. ಆದರೆ ನೀವು ನೋಡುವ ಕಪ್ಪು ಬಯಲು ಹಾಗೆ ಹುಟ್ಟಿದ್ದಲ್ಲ. ಮೊಲದ ಆಕೃತಿಗೆ ಸೇರುವ ಮಾರೇ ಇಂಬ್ರಿಯಮ್ ಎಂಬ ಬಯಲನ್ನೇ ತೆಗೆದುಕೊಳ್ಳಿ. ಸುಮಾರು 390 ಕೋಟಿ ವರ್ಷಗಳ ಹಿಂದೆ ದೊಡ್ಡ ಕಾಯವೊಂದು ಅಪ್ಪಳಿಸಿ, ಅಲ್ಲಿ 1,100 ಕಿಲೋಮೀಟರಿಗೂ ಅಗಲವಾದ ತಗ್ಗು ಉಂಟಾಯಿತು. ಅದು ಬಹುಕಾಲ ಹೆಚ್ಚುಕಡಿಮೆ ಖಾಲಿಯಾಗಿಯೇ ಇತ್ತು. ಈಗ ಅಲ್ಲಿ ಕಾಣುವ ಲಾವಾ ಮೇಲೆ ಬಂದದ್ದು ಹತ್ತಾರು ಕೋಟಿ ವರ್ಷಗಳ ನಂತರ, ಕಂತುಕಂತಾಗಿ. ಅದನ್ನು ಕರಗಿಸಿದ್ದು ಚಂದ್ರನ ಒಡಲಿನಲ್ಲಿದ್ದ ವಿಕಿರಣಶೀಲ ಧಾತುಗಳ ಶಾಖ. ಅಪ್ಪಳಿಕೆಯಿಂದ ತೆಳುವಾಗಿ, ಬಿರುಕುಬಿಟ್ಟಿದ್ದ ತೊಗಟೆ, ಅಂದರೆ ಚಂದ್ರನ ಗಟ್ಟಿ ಹೊರಪದರ, ಅದಕ್ಕೆ ದಾರಿ ಮಾಡಿಕೊಟ್ಟಿತು, ಅಷ್ಟೆ.

ಹೀಗೆ ಹೆಪ್ಪುಗಟ್ಟಿದ್ದು ಬಸಾಲ್ಟ್, ವಿಜಯಪುರದ ಗೋಳಗುಮ್ಮಟ ಕಟ್ಟಿದ ಕಲ್ಲಿನ ಜಾತಿಯದೇ. ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಕಪ್ಪು. ಸುತ್ತಲಿನ ಬೆಳ್ಳನೆಯ ಎತ್ತರದ ನೆಲ ಇದಕ್ಕಿಂತ ಹಳೆಯದು; ಚಂದ್ರನ ಮೇಲ್ಮೈ ಇನ್ನೂ ಕರಗಿದ ಕಲ್ಲಿನ ಕಡಲಾಗಿದ್ದಾಗ ಹಗುರವಾದ ಖನಿಜಗಳು ಮೇಲೆ ತೇಲಿ ಗಟ್ಟಿಯಾದ ತೊಗಟೆ ಅದು. 2023ರ ಆಗಸ್ಟ್‌ನಲ್ಲಿ ದಕ್ಷಿಣದ ಎತ್ತರದ ನೆಲದಲ್ಲಿ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಮಣ್ಣನ್ನು ಪರೀಕ್ಷಿಸಿದಾಗ ಸಿಕ್ಕ ಅಂಶಗಳೂ ಈ ಕಥೆಗೆ ಹೊಂದಿಕೊಂಡವು.

ಬಯಲು ಕಿರಿಯದೆಂಬುದಕ್ಕೆ ಕುಳಿಗಳೇ ಸಾಕ್ಷಿ. ಎತ್ತರದ ನೆಲದಲ್ಲಿ ಕುಳಿಯ ಮೇಲೆ ಕುಳಿ, ಕಪ್ಪು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು. ಹಳೆಯ ಗಾಯಗಳನ್ನು ಲಾವಾ ಮುಚ್ಚಿಹಾಕಿದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಯಿತು. ಚೀನಾದ ಚಾಂಗ್-ಇ 5 ನೌಕೆ 2020ರಲ್ಲಿ ಇಂಥದೇ ಕಪ್ಪು ಬಯಲಿನಿಂದ ತಂದ ಕಲ್ಲಿನ ವಯಸ್ಸು ಸುಮಾರು 200 ಕೋಟಿ ವರ್ಷ. ಅಷ್ಟು ತಡವಾಗಿಯೂ ಚಂದ್ರನ ಒಳಗೆ ಬಿಸಿ ಉಳಿದಿತ್ತು!

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು, ನನ್ನ ಮಟ್ಟಿಗೆ ಇದೇ ಅತ್ಯಂತ ಸ್ವಾರಸ್ಯದ ಸಂಗತಿ. 1959ರಲ್ಲಿ ಸೋವಿಯತ್ ನೌಕೆ ಲೂನಾ 3, ಭೂಮಿಗೆ ಎಂದೂ ಕಾಣದ ಚಂದ್ರನ ಆಚೆ ಬದಿಯ ಚಿತ್ರ ತೆಗೆದಾಗ ಅಲ್ಲಿ ಕಪ್ಪು ಬಯಲುಗಳು ಇಲ್ಲವೆನ್ನುವಷ್ಟು ಕಡಿಮೆ. ಈಚೆ ಬದಿಯ ಮೂರನೇ ಒಂದು ಭಾಗದಷ್ಟನ್ನು ಆವರಿಸಿರುವ ಅವು ಆಚೆ ಇರುವುದು ಸುಮಾರು ಶೇಕಡಾ 2ರಷ್ಟು ಮಾತ್ರ. ಆಚೆ ತೊಗಟೆ ದಪ್ಪ. ಶಾಖ ಕೊಡುವ ಥೋರಿಯಂ, ಯುರೇನಿಯಂ ಹೆಚ್ಚಾಗಿ ಈಚೆಯೇ ಸೇರಿವೆ. ಈ ತಾರತಮ್ಯ ಏಕೆ ಬಂತೆಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಇನ್ನು ನಿಮ್ಮ ಬೈನಾಕ್ಯುಲರ್. ತಪ್ಪು ಅದರದಲ್ಲ, ತಿಥಿಯದು. ಹುಣ್ಣಿಮೆಯಂದು ಸೂರ್ಯನ ಬೆಳಕು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ. ನೆರಳಿಲ್ಲದೆ ಆಳ ಕಾಣದು. ಆ ರಾತ್ರಿ ನೋಡತಕ್ಕದ್ದು ದಕ್ಷಿಣದ ಟೈಕೋ ಕುಳಿಯಿಂದ ಎಲ್ಲ ದಿಕ್ಕಿಗೂ ಚೆಲ್ಲಿರುವ ಬಿಳಿ ಗೆರೆಗಳನ್ನು. ಸುಮಾರು 11 ಕೋಟಿ ವರ್ಷಗಳಷ್ಟೇ ಹಳೆಯದಾದ್ದರಿಂದ ಅವು ಇನ್ನೂ ಮಾಸಿಲ್ಲ. ಕುಳಿಗಳಿಗಾಗಿ ಶುಕ್ಲಪಕ್ಷದ ಅಷ್ಟಮಿಯಿಂದ ದಶಮಿಯವರೆಗೆ ಬೆಳಕು ಕತ್ತಲು ಸೇರುವ ಅಂಚಿನ ಉದ್ದಕ್ಕೂ ನೋಡಿ. ದಶಮಿಯ ಹೊತ್ತಿಗೆ 93 ಕಿಲೋಮೀಟರ್ ಅಗಲದ ಕೊಪರ್ನಿಕಸ್ ಕುಳಿ ಆ ಅಂಚಿನ ಬಳಿ ಸಿಗುತ್ತದೆ. ಕೈ ನಡುಗದಂತೆ ಮೊಣಕೈಯನ್ನು ಗೋಡೆಗೋ ಕಂಬಕ್ಕೋ ಊರಿಕೊಳ್ಳಿ.