ನಿಂತ ವಿಮಾನದ ಹತ್ತಿರ ಹೋದರೆ ಯಾಕೆ ಬೈತಾರೆ?

ಕಾರವಾರದ ಟಾಗೋರ್ ಬೀಚಿನಲ್ಲಿ ಪ್ರದರ್ಶನಕ್ಕಿಟ್ಟ ನೌಕಾಪಡೆಯ ಹಳೆ ಟುಪೊಲೆವ್ ವಿಮಾನದ ಪಕ್ಕ ನಿಂತು ಆರಾಮಾಗಿ ಫೋಟೋ ತೆಗೆದುಕೊಳ್ಳುತ್ತೇವೆ, ಏರ್‌ಪೋರ್ಟಿನಲ್ಲಿ ಪ್ರಯಾಣಿಕರು ನಡೆಯಲು ಹಾಕಿದ ಗೆರೆಯಿಂದ ಎರಡು ಹೆಜ್ಜೆ ಆಚೆ ಹೋದರೂ ಯಾಕೆ ಕೂಗಾಡುತ್ತಾರೆ ಅಂತ ಕೇಳಿದ್ದೀರಿ. ಹಾಗೆ ಕೂಗಾಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಊರು ಅಂಕೋಲೆ. ಗೋವಾದಲ್ಲಿ ಆರು ವರ್ಷ ವಿಮಾನಕ್ಕೆ ಲಗೇಜ್ ತುಂಬುವ ಕೆಲಸ ಮಾಡಿದ್ದೇನೆ.

ನಮ್ಮ ಟುಪೊಲೆವ್ ರಿಟೈರ್ ಆದದ್ದು. ಅದರ ಪ್ರೊಪೆಲ್ಲರ್ ಇನ್ನು ತಿರುಗುವುದಿಲ್ಲ. ಏಪ್ರನ್, ಅಂದರೆ ಏರ್‌ಪೋರ್ಟಿನಲ್ಲಿ ವಿಮಾನ ನಿಲ್ಲಿಸುವ ಅಂಗಳ, ಅದರ ಮೇಲಿನ ವಿಮಾನ ಹಾಗಲ್ಲ, ಅದು ಸುಮ್ನೆ ನಿಂತ ಹಾಗೆ ಕಾಣುತ್ತದೆ ಅಷ್ಟೇ.

ಕೆಲಸಕ್ಕೆ ಸೇರಿದ ದಿನವೇ ಕಲಿಸಿದ್ದು ಕೆಂಪು ದೀಪ ನೋಡುವುದನ್ನು. ವಿಮಾನದ ಬೆನ್ನ ಮೇಲೊಂದು, ಹೊಟ್ಟೆಯಡಿ ಒಂದು ಮಿಣಮಿಣ ಅನ್ನುತ್ತಿರುತ್ತದೆ. ಬೀಕನ್ ಅನ್ನುತ್ತಾರೆ. ಅದು ಮಿನುಗುತ್ತಿದ್ದರೆ ಎಂಜಿನ್ ಓಡುತ್ತಿದೆ, ಇಲ್ಲವೇ ಈಗ ಶುರುವಾಗಲಿದೆ. ಅದು ಆರಬೇಕು, ಚಕ್ರ ಉರುಳದ ಹಾಗೆ ಚಾಕ್ ಅನ್ನುವ ಅಡ್ಡಗಟ್ಟೆ ಇಡಬೇಕು, ಆಮೇಲೆ ನಮ್ಮ ಟ್ರಾಲಿ. ಕಿವಿ ನಂಬಿ ಪ್ರಯೋಜನವಿಲ್ಲ. ಸುತ್ತ ಎಲ್ಲ ಕಡೆ ಗದ್ದಲ, ಮೇಲೆ ಕಿವಿಗೆ ಗದ್ದಲ ತಡೆಯುವ ಮಫ್ ಬೇರೆ.

ಒಂದು ಮಳೆಗಾಲದ ಸಂಜೆ ವಿಮಾನ ತಡವಾಗಿತ್ತು. ಮೇಲಿನವರದು ಬೇಗ ಬೇಗ ಅಂತ ಒಂದೇ ರಾಗ. ನಾನು ಹೊರಟೇಬಿಟ್ಟೆ. ಹಿರಿಯರೊಬ್ಬರು ಹಿಂದಿನಿಂದ ಜಾಕೆಟ್ ಹಿಡಿದು ಎಳೆದರು. ತಲೆ ಎತ್ತಿ ನೋಡಿದರೆ ಬೀಕನ್ ಇನ್ನೂ ಮಿನುಗುತ್ತಿತ್ತು. ಜೆಟ್ ಎಂಜಿನ್ ಐಡಲ್‌ನಲ್ಲಿ, ಅಂದರೆ ತೀರಾ ನಿಧಾನವಾಗಿ ಓಡುತ್ತಿದ್ದರೂ ಅದರ ಬಾಯಿಯ ಮುಂದೆ ಸುಮಾರು 3 ಮೀಟರ್ ಒಳಗಿದ್ದವರನ್ನು ಎಳೆದುಕೊಳ್ಳಬಹುದು. 2015ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಒಬ್ಬ ತಂತ್ರಜ್ಞ ಹಾಗೇ ಸತ್ತದ್ದು. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರಿಗೇ ಹೀಗಾದರೆ ನಿಮ್ಮ ಮಕ್ಕಳ ಕಥೆ ಏನು ಹೇಳಿ ಮಾರಾಯ್ರೇ?

ಎಂಜಿನ್ ಹಿಂದೆ ಬಿಸಿಗಾಳಿಯ ಹೊಡೆತ. ಎಟಿಆರ್ ತರದ ಸಣ್ಣ ವಿಮಾನದಲ್ಲಿ ಪ್ರೊಪೆಲ್ಲರ್ ಜೋರಾಗಿ ತಿರುಗುವಾಗ ಕಣ್ಣಿಗೇ ಕಾಣುವುದಿಲ್ಲ. ಪ್ರಯಾಣಿಕರ ಬಾಗಿಲು ಹಿಂದಿದೆ, ಅದೊಂದು ಪುಣ್ಯ.

ಗೆರೆ ಬರೀ ನಿಮ್ಮ ಜೀವಕ್ಕಲ್ಲ, ವಿಮಾನಕ್ಕೂ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಬೀಳುವ ಬಾಟಲಿ ಮುಚ್ಚಳ, ಬ್ಯಾಗಿನ ಚಕ್ರ, ಇವನ್ನೆಲ್ಲ ನಾವು ಬಗ್ಗಿ ಬಗ್ಗಿ ಹೆಕ್ಕುತ್ತಿದ್ದೆವು. ಬೆನ್ನು ನೋವು ಈಗಲೂ ಇದೆ. 2000ನೇ ಇಸವಿಯಲ್ಲಿ ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನ ಬಿದ್ದು 113 ಜನ ಸತ್ತರಲ್ಲ, ಅದಕ್ಕೆ ಮೂಲ ರನ್‌ವೇ ಮೇಲೆ ಬೇರೆ ವಿಮಾನದಿಂದ ಉದುರಿದ್ದ ಒಂದು ಲೋಹದ ಪಟ್ಟಿ. ಮೊಳದುದ್ದವೂ ಇಲ್ಲ. ಟೈರ್ ಸಿಡಿದು ಇಂಧನದ ಟ್ಯಾಂಕ್ ಒಡೆಯಿತು.

2024ರ ಜನವರಿಯಲ್ಲಿ ಗೋವಾದಿಂದ ದೆಹಲಿಗೆ ಹೊರಟ ವಿಮಾನ ಮಂಜಿನಿಂದಾಗಿ ಮುಂಬೈಗೆ ಹೋಗಿತ್ತು. ಜನ ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದರು, ವಿಡಿಯೋ ನೋಡಿರಬೇಕು. ವಿಮಾನ ಸಂಸ್ಥೆಗೆ 1.20 ಕೋಟಿ ರೂಪಾಯಿ ದಂಡ ಬಿತ್ತು. ಗಂಟೆಗಟ್ಟಲೆ ಕಾದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಬಿದ್ದ ಅನ್ನಕ್ಕೆ ಹಕ್ಕಿ ಬರುತ್ತದೆ, ಅದು ಎಂಜಿನ್ನಿಗೆ ಸಿಕ್ಕರೆ ಅಪಾಯ ಅಲ್ವಾ? ಕಾರವಾರದ ಮೀನು ಮಾರುಕಟ್ಟೆಯ ಮೇಲೆ ಹದ್ದು ಸುತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದ ಹಾಗೆ, ಗೋವಾದ ದಾಬೋಲಿಂ ಏರ್‌ಪೋರ್ಟ್ ನೌಕಾಪಡೆಯ ಜಾಗ. ಅಲ್ಲಿ ಹೊರಗೆ ಫೋಟೋಗೆ ಅಂತ ಫೋನ್ ಎತ್ತಿದರೆ ಬೈಯಲು ಬರುವವರು ಲಗೇಜಿನವರಲ್ಲ.